ಸಾಂಗಾನೇರದ ಬಟ್ಟೆ, ಅಜ್ಜಿಯ ಚುಕ್ಕಿ

ಜೈಪುರದ ವಿಮಾನ ನಿಲ್ದಾಣ ಇರುವುದು ಸಾಂಗಾನೇರದಲ್ಲಿ. ನಗರದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿದ್ದ ಈ ಹಳೆಯ ಊರು ಈಗ ಜೈಪುರದೊಳಗೇ ಕರಗಿಹೋಗಿದೆ. ಪ್ರವಾಸಿಗಳು ವಿಮಾನ ಇಳಿದವರೇ ಹವಾ ಮಹಲು, ಆಮೇರ್ ಕೋಟೆ ಎಂದು ಓಡುತ್ತಾರೆ. ತಾವು ಕಾಲಿಟ್ಟ ಊರನ್ನು ನೋಡುವವರು ಕಡಿಮೆ. ಆದರೆ ನಿಮ್ಮ ಮನೆಯ ಕಪಾಟಿನಲ್ಲಿ ಬಿಳಿ ನೆಲದ ಮೇಲೆ ಸಣ್ಣ ಸಣ್ಣ ಹೂವಿನ ಬುಟ್ಟಾ ಇರುವ ಹಾಸಿಗೆ ಹೊದಿಕೆಯೋ ಕುರ್ತಾವೋ ಇದ್ದರೆ, ಅದರ ತವರು ಇದೇ ಊರು ಇರಬಹುದು.

ಇಲ್ಲಿ ಮೂರು ಬಗೆಯ ಕೆಲಸ ನಡೆಯುತ್ತದೆ. ಮರದ ಅಚ್ಚಿನಿಂದ ಕೈಯಲ್ಲಿ ಬಟ್ಟೆಗೆ ಚಿತ್ರ ಒತ್ತುವುದು ಒಂದು. ಬಟ್ಟೆಯ ಚಿಂದಿಯನ್ನು ಅರೆದು ಕೈಯಿಂದ ಕಾಗದ ಮಾಡುವುದು ಇನ್ನೊಂದು. ಅಚ್ಚು ಹಾಕುವವರನ್ನು ಛೀಪಾ ಎಂದೂ ಕಾಗದ ಮಾಡುವವರನ್ನು ಕಾಗ್ಜಿ ಎಂದೂ ಕರೆಯುತ್ತಾರೆ. ಮೂರನೆಯದು ಈಚಿನದು. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ನೇರವಾಗಿ ಬಟ್ಟೆಯ ಮೇಲೆ ಮುದ್ರಿಸುವ ಡಿಜಿಟಲ್ ಯಂತ್ರ. ಮನೆಯಲ್ಲಿ ಕುಳಿತು ನೀವು ಬಿಡಿಸಿದ ಚಿತ್ರವನ್ನು ಆನ್‌ಲೈನಿನಲ್ಲಿ ಕಳಿಸಿದರೆ ಒಂದೇ ಮೀಟರ್ ಬಟ್ಟೆಯನ್ನೂ ಮುದ್ರಿಸಿ ಕೊರಿಯರ್ ಮಾಡುತ್ತಾರೆ.

ನಮ್ಮನ್ನು ಸಾಂಗಾನೇರಕ್ಕೆ ಎಳೆದು ತಂದದ್ದು ಈ ಮೂರನೆಯದು.

ನಮ್ಮದು ಧಾರವಾಡ. ಮಗನಿಗೆ ಜೈಪುರದಲ್ಲಿ ಕೆಲಸ. ಕಳೆದ ಡಿಸೆಂಬರಿನಲ್ಲಿ ನಾನು, ನನ್ನ ಮನೆಯಾಕೆ ಅಲ್ಲಿಗೆ ಹೋಗಿದ್ದೆವು. ಆಕೆಯ ಬಳಿ ಒಂದು ಹಳೆಯ ನೋಟ್‌ಬುಕ್ಕು ಇದೆ. ಮದುವೆಯಾದ ವರ್ಷದಿಂದ ಹಾಕಿದ ಚುಕ್ಕಿ ರಂಗೋಲಿಗಳೆಲ್ಲ ಅದರಲ್ಲಿವೆ. ಮೊದಲ ಪುಟಗಳ ಗೆರೆ ಕಂಬಿ ಎಳೆದ ಹಾಗೆ ನೆಟ್ಟಗಿದೆ. ಈಚಿನ ನಾಲ್ಕೈದು ವರ್ಷಗಳಿಂದ ಆಕೆಗೆ ಕೈನಡುಕ. ಕೊನೆಯ ಪುಟಗಳಲ್ಲಿ ಗೆರೆಯೂ ನಡುಗಿದೆ. ಹೋದ ದೀಪಾವಳಿಗೆ ಅಂಗಳದಲ್ಲಿ ರಂಗೋಲಿ ಹಾಕುವುದನ್ನೂ ಬಿಟ್ಟಳು.

ಎಂಟನೇ ಕ್ಲಾಸಿನ ಮೊಮ್ಮಗಳಿಗೆ ಶಾಲೆಯಲ್ಲಿ ಹೊಲಿಗೆಯ ಪ್ರಾಜೆಕ್ಟ್ ಇತ್ತು. ಅವಳು ಕೌದಿ ಹೊಲಿಯುವುದೆಂದು ನಿಶ್ಚಯಿಸಿದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ದಾರ ಓಡಿಸುವ ಕೌದಿ ಉತ್ತರ ಕರ್ನಾಟಕದ ಮಕ್ಕಳಿಗೆ ಗೊತ್ತೇ ಇರುತ್ತದೆ. ಸುತ್ತ ಅಜ್ಜಿಯ ಹಳೆಯ ಸೀರೆಯ ತುಂಡುಗಳು, ನಡುವೆ ಅಜ್ಜಿಯದೇ ರಂಗೋಲಿ ಮುದ್ರಿಸಿದ ಬಟ್ಟೆ. ಇದು ಅವಳ ಯೋಜನೆ. ನೋಟ್‌ಬುಕ್ಕಿನ ಪುಟಗಳನ್ನು ಸ್ಕ್ಯಾನ್ ಮಾಡಿ, ಅಪ್ಪನ ಫೋನಿನಿಂದ ಆರ್ಡರ್ ಕೊಟ್ಟು, ಮೊದಲು ಒಂದು ಅಂಗೈಯಗಲದ ಸ್ಯಾಂಪಲ್ ತರಿಸಿಕೊಂಡಳು.

ಸ್ಯಾಂಪಲ್ ಬಂತು. ಚುಕ್ಕಿಗಳೆಲ್ಲ ಸಾಬೂದಾಣಿಯಂತೆ ದುಂಡಗೆ, ಗೆರೆಗಳೆಲ್ಲ ಒಂದೇ ದಪ್ಪ, ಒಂದೇ ನೇರ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದಳು.

"ಚಂದ ಅದ. ಆದ್ರ ಇದು ನಾ ಹಾಕಿದ್ದಲ್ಲ."

ಮೊಮ್ಮಗಳ ಮುಖ ಸಣ್ಣದಾಯಿತು. "ನಾ ಕಳಿಸಿದ್ದು ನಿಂದ ಪುಟ ಅಜ್ಜಿ. ಅವರ ಯಾಕ ತಿದ್ದಿದ್ರು?"

"ತಿದ್ದಿದ್ದು ಛಲೋನ ಆತಲ್ಲ. ನಡುಗಿದ ಗೆರಿ ಯಾರು ನೋಡ್ತಾರ? ಇದನ್ನ ಹಾಕಸು."

"ಊಹೂಂ. ನಾ ಹಾಕ್ಸಂಗಿಲ್ಲ."

ಇಬ್ಬರೂ ಹಟಮಾರಿಗಳು. ಪೊಟ್ಟಣದ ಮೇಲಿನ ವಿಳಾಸ ನೋಡಿದರೆ ಸಾಂಗಾನೇರ, ಮನೆಯಿಂದ ಅರ್ಧ ಗಂಟೆಯ ದಾರಿ. ಫೋನ್ ಮಾಡಿ ಕೇಳಿದ್ದಕ್ಕೆ "ಬನ್ನಿ, ನಾಳಿದ್ದು ಮಧ್ಯಾಹ್ನ" ಎಂದರು. ಅಷ್ಟರೊಳಗೆ ಅಚ್ಚಿನ ಕೆಲಸವನ್ನೂ ನೋಡಿಬಿಡೋಣ ಎಂದು ಎರಡು ದಿನ ಮೀಸಲಿಟ್ಟೆವು.

ಉದ್ದನೆಯ ಮೇಜಿನ ಮುಂದೆ

ಅಚ್ಚಿನ ಮನೆ ಎಂದರೆ ಒಂದು ಉದ್ದನೆಯ ಹಜಾರ. ಅದರ ಉದ್ದಕ್ಕೂ ಮೇಜುಗಳು. ಮೇಜಿನ ಮೇಲೆ ಗೋಣಿತಾಟು, ಅದರ ಮೇಲೆ ಪದರ ಪದರ ಬಟ್ಟೆ ಹಾಸಿ ಮೆತ್ತಗೆ ಮಾಡಿರುತ್ತಾರೆ. ಗಟ್ಟಿ ಹಲಗೆಯ ಮೇಲೆ ಒತ್ತಿದರೆ ಅಚ್ಚು ಸಮನಾಗಿ ಕೂರುವುದಿಲ್ಲ. ಮುದ್ರಿಸಬೇಕಾದ ಬಟ್ಟೆಯನ್ನು ಇದರ ಮೇಲೆ ಎಳೆದು ಗುಂಡುಸೂಜಿ ಚುಚ್ಚಿ ಬಿಗಿ ಮಾಡುತ್ತಾರೆ.

ಅಚ್ಚು ಶೀಶಮ್ ಅಥವಾ ತೇಗದ ಮರದ್ದು. ಕೆತ್ತಿದ ಮೇಲೆ ಹತ್ತು ಹದಿನೈದು ದಿನ ಎಣ್ಣೆಯಲ್ಲಿ ನೆನೆಸಿಡುತ್ತಾರೆ, ಮರ ಸೀಳದಿರಲೆಂದು. ಒಂದು ಹೂವಿಗೆ ಒಂದೇ ಅಚ್ಚು ಸಾಲದು. ಅಂಚಿನ ಗೆರೆಗೆ ಬೇರೆ ಅಚ್ಚು, ಅದಕ್ಕೆ ರೇಖ್ ಎಂದು ಹೆಸರು. ಒಳಗೆ ತುಂಬುವ ಬಣ್ಣಕ್ಕೆ ದತ್ತಾ, ಹಿನ್ನೆಲೆಗೆ ಗದ್. ನಾಲ್ಕು ಬಣ್ಣದ ಚಿತ್ರವಾದರೆ ಒಂದೇ ಜಾಗದಲ್ಲಿ ನಾಲ್ಕು ಸಲ, ನಾಲ್ಕು ಅಚ್ಚು, ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು.

ನಾವು ನೋಡಿದ ಮೇಜಿನಲ್ಲಿ ನನ್ನದೇ ವಯಸ್ಸಿನ ಒಬ್ಬರು ಕೆಲಸ ಮಾಡುತ್ತಿದ್ದರು. ಅಚ್ಚನ್ನು ಬಣ್ಣದ ತಟ್ಟೆಗೆ ಒತ್ತುವುದು, ಬಟ್ಟೆಯ ಮೇಲಿಟ್ಟು ಮುಷ್ಟಿಯ ಹಿಂಭಾಗದಿಂದ ಧಪ್ ಎಂದು ಗುದ್ದುವುದು, ಒಂದು ಹೆಜ್ಜೆ ಮುಂದೆ ಸರಿಯುವುದು. ಗುದ್ದು, ಹೆಜ್ಜೆ, ಗುದ್ದು, ಹೆಜ್ಜೆ. ಅಳತೆಪಟ್ಟಿ ಇಲ್ಲ. ಅಚ್ಚಿನ ಮೂಲೆಯಲ್ಲಿರುವ ಸಣ್ಣ ಗುರುತೇ ಮುಂದಿನ ಅಚ್ಚು ಎಲ್ಲಿ ಕೂರಬೇಕೆಂದು ಹೇಳುತ್ತದೆ. ಮೊಮ್ಮಗಳು ಎಣಿಸಿದಳು. ಒಂದು ಸೀರೆಯ ಅಗಲಕ್ಕೇ ಹತ್ತಾರು ಗುದ್ದು. ಉದ್ದಕ್ಕೆ ಎಣಿಸುವಷ್ಟು ಹೊತ್ತು ನಿಲ್ಲಲು ಆಗಲಿಲ್ಲ.

ಆ ಹಿರಿಯರು ಮುಗಿದ ಬಟ್ಟೆಯ ಒಂದು ಜಾಗ ತೋರಿಸಿ ಹಿಂದಿಯಲ್ಲಿ ಏನೋ ಹೇಳಿದರು. ಎರಡು ಅಚ್ಚು ಸೇರುವಲ್ಲಿ ಬಳ್ಳಿ ಒಂದು ಕೂದಲೆಳೆಯಷ್ಟು ತಪ್ಪಿತ್ತು. ಬೇರೆ ಕಡೆ ಬಣ್ಣ ತುಸು ಗಾಢವಾಗಿತ್ತು. ಮೊಮ್ಮಗಳು ತರ್ಜುಮೆ ಮಾಡಿದಳು: ಕೈಯಲ್ಲಿ ಮಾಡಿದ್ದು ಎನ್ನುವುದಕ್ಕೆ ಇದೇ ರುಜು.

ರುಜು ಎನ್ನುವ ಮಾತು ನನ್ನ ಕಿವಿಗೆ ನೆಟ್ಟಿತು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಚೆಕ್ಕಿನ ಸಹಿ ಹೋಲಿಸಿ ನೋಡಿದವನು ನಾನು. ಒಬ್ಬರೇ ಮಾಡಿದ ಎರಡು ಸಹಿ ಎಂದೂ ಪೂರಾ ಒಂದೇ ಆಗಿರುವುದಿಲ್ಲ. ಕಾಗದದ ಮೇಲೆ ಕಾಗದ ಇಟ್ಟು ತೆಗೆದ ಹಾಗೆ ಒಂದೇ ಆಗಿದ್ದರೆ ಸಂಶಯ ಪಡಬೇಕು ಎಂದು ನಮಗೆ ಕಲಿಸಿದ್ದರು. ಇದನ್ನು ಮನೆಯಾಕೆಗೆ ಹೇಳಿದೆ. ಆಕೆ ಏನೂ ಹೇಳದೆ ಬಟ್ಟೆಯ ಆ ತಪ್ಪಿದ ಜಾಗವನ್ನೇ ಬೆರಳಿನಿಂದ ಸವರುತ್ತಿದ್ದಳು.

ಬಗರೂ: ಕೆಸರು, ನೀಲಿ, ಶಾಯಿ

ಮರುದಿನ ಬೆಳಿಗ್ಗೆ ಬಗರೂಗೆ ಹೋದೆವು. ಜೈಪುರದಿಂದ ಅಜ್ಮೇರ್ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಸಾಂಗಾನೇರದ ಬಟ್ಟೆಗೆ ಬಿಳಿ ನೆಲ, ನಾಜೂಕು ಹೂ. ಬಗರೂ ಬಟ್ಟೆಗೆ ಮಣ್ಣಿನ ಬಣ್ಣ, ಕೆಂಪು, ಕಪ್ಪು, ನೀಲಿ. ಎರಡಕ್ಕೂ ನಮ್ಮ ಇಳಕಲ್ ಸೀರೆಗೆ ಸಿಕ್ಕಿರುವಂತೆ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ಇದೆ.

ಇಲ್ಲಿನ ಬಣ್ಣದ ಕೆಲಸ ವಿಜ್ಞಾನದ ಮೇಷ್ಟ್ರಿಗೆ ಹಬ್ಬ. ಬಟ್ಟೆಯನ್ನು ಮೊದಲು ಅಳಲೆಕಾಯಿ ಪುಡಿ ಕದಡಿದ ನೀರಿನಲ್ಲಿ ಅದ್ದುತ್ತಾರೆ. ಬಟ್ಟೆ ತಿಳಿಹಳದಿ ಆಗುತ್ತದೆ. ಇನ್ನೊಂದೆಡೆ ತುಕ್ಕುಹಿಡಿದ ಮೊಳೆ, ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ದಿನಗಟ್ಟಲೆ ಹುಳಿ ಬರಿಸಿ ಇಟ್ಟಿರುತ್ತಾರೆ. ಅದಕ್ಕೆ ಹುಣಸೆ ಬೀಜದ ಅಂಟು ಸೇರಿಸಿ ಅಚ್ಚು ಒತ್ತಿದರೆ, ಅಳಲೆಯ ಒಗರಿಗೂ ಕಬ್ಬಿಣಕ್ಕೂ ಕೂಡಿ ಕಪ್ಪು ಬಣ್ಣ ಹುಟ್ಟುತ್ತದೆ. ಪಟಿಕ ಬೆರೆಸಿದ ಅಚ್ಚು ಒತ್ತಿ, ಆಮೇಲೆ ಅಲಿಜರಿನ್ ಎಂಬ ಬಣ್ಣದಲ್ಲಿ ಕುದಿಸಿದರೆ ಪಟಿಕ ಬಿದ್ದ ಜಾಗ ಮಾತ್ರ ಕೆಂಪಾಗುತ್ತದೆ.

ಆ ಕಪ್ಪು ಬಣ್ಣಕ್ಕೆ ಅವರು ಹೇಳುವ ಹೆಸರು ಸ್ಯಾಹೀ. ನಮ್ಮ ಶಾಯಿ! ಹೆಸರಷ್ಟೇ ಅಲ್ಲ, ಮಾಡುವ ರೀತಿಯೂ ನೆಂಟಸ್ತಿಕೆಯದು. ಹಿಂದಿನ ಕಾಲದ ಬ್ಲೂ-ಬ್ಲಾಕ್ ಶಾಯಿ ಕೂಡ ಒಗರು ಮತ್ತು ಕಬ್ಬಿಣ ಕೂಡಿ ಆದದ್ದೇ. ಅಂಥ ಶಾಯಿಯಲ್ಲಿ ಬರೆದ ಲೆಡ್ಜರಿನ ಅಕ್ಷರ ದಿನ ಕಳೆದಂತೆ ಇನ್ನಷ್ಟು ಕಪ್ಪಾಗುತ್ತಿತ್ತು.

ಬಗರೂವಿನ ಇನ್ನೊಂದು ಸೋಜಿಗ ದಾಬೂ. ಜೇಡಿಮಣ್ಣು, ಸುಣ್ಣ, ಅಂಟು, ಹುಳ ತಿಂದ ಗೋಧಿಯ ಪುಡಿ ಇವನ್ನು ಕಲಸಿ ತುಳಿದು ಕೆಸರು ಮಾಡುತ್ತಾರೆ. ಅಚ್ಚಿನಿಂದ ಈ ಕೆಸರನ್ನು ಬಟ್ಟೆಗೆ ಒತ್ತಿ, ಮೇಲೆ ಮರದ ಹೊಟ್ಟು ಉದುರಿಸಿ, ಬಿಸಿಲಿಗೆ ಒಣಗಿಸಿ, ನೀಲಿಯ ತೊಟ್ಟಿಯಲ್ಲಿ ಅದ್ದುತ್ತಾರೆ. ತೊಟ್ಟಿಯಿಂದ ಮೇಲೆತ್ತಿದಾಗ ಬಟ್ಟೆ ಹಸಿರು! ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಕೆಸರು ಮೆತ್ತಿದ ಜಾಗಕ್ಕೆ ನೀಲಿ ಹತ್ತುವುದಿಲ್ಲ. ತೊಳೆದರೆ ಅಲ್ಲಿ ಚಿತ್ರ ಮೂಡಿರುತ್ತದೆ. ಮೊಮ್ಮಗಳು ಮೂರು ಸಲ ನೋಡಿದಳು. ಮೂರೂ ಸಲ ಚಪ್ಪಾಳೆ ಹೊಡೆದಳು.

ಚೀಟಿ ಬಟ್ಟೆಯ ಹಿಂದಿನ ಕಥೆ

ಅಜ್ಜ-ಅಜ್ಜಿಯರಿಗೆ 'ಚೀಟಿ ಬಟ್ಟೆ' ಎನ್ನುವ ಮಾತು ನೆನಪಿರಬಹುದು. ಹೂವಿನ ಅಚ್ಚಿನ ಹತ್ತಿಬಟ್ಟೆಗೆ ನಮ್ಮ ಕಡೆ ಹಾಗೆನ್ನುತ್ತಿದ್ದರು. ಹಿಂದಿಯಲ್ಲಿ ಅದು ಛೀಂಟ್. ಇಂಗ್ಲಿಷರ ಬಾಯಲ್ಲಿ ಚಿಂಟ್ಸ್ ಆಯಿತು. ಹದಿನೇಳನೆಯ ಶತಮಾನದಲ್ಲಿ ಹಡಗುಗಳು ಭಾರತದ ಇಂಥ ಬಟ್ಟೆಯನ್ನು ಯುರೋಪಿಗೆ ಹೊತ್ತವು. ಒಗೆದರೂ ಹೋಗದ ಬಣ್ಣ ಕಂಡು ಅಲ್ಲಿನವರು ಮರುಳಾದರು. ಅಲ್ಲಿನ ನೇಕಾರರಿಗೆ ಹೊಟ್ಟೆಯ ಪ್ರಶ್ನೆ ಬಂತು. ಫ್ರಾನ್ಸ್ 1686ರಲ್ಲಿ ಅಚ್ಚಿನ ಬಟ್ಟೆಯನ್ನು ನಿಷೇಧಿಸಿತು, 1759ರವರೆಗೂ ಆ ನಿಷೇಧ ಇತ್ತು. ಇಂಗ್ಲೆಂಡ್ 1700ರಲ್ಲಿ ಇಲ್ಲಿಂದ ಹೋಗುವ ಅಚ್ಚಿನ ಬಟ್ಟೆಗೆ ತಡೆ ಹಾಕಿತು. 1721ರಲ್ಲಿ ಅಂಥ ಬಟ್ಟೆ ಉಡುವುದಕ್ಕೇ ಕಾನೂನು ಅಡ್ಡ ಬಂತು. ಒಂದು ಹೂವಿನ ಬಟ್ಟೆಗೆ ಹೆದರಿ ಎರಡು ದೇಶಗಳು ಕಾಯ್ದೆ ಮಾಡಿದವು ಎಂದರೆ ಛೀಪಾಗಳ ಕೈಚಳಕ ಎಂಥದ್ದಿರಬೇಕು!

ಈಗಿನ ಹೆದರಿಕೆ ತಿರುಗಾಮುರುಗಾ. ಅಚ್ಚಿನ ಚಿತ್ರವನ್ನೇ ಸ್ಕ್ರೀನಿನಲ್ಲೋ ಯಂತ್ರದಲ್ಲೋ ಮುದ್ರಿಸಿ 'ಕೈ ಅಚ್ಚು' ಎಂದು ಮಾರುವವರಿದ್ದಾರೆ. ಒಂದು ದಿನ ಪೂರ್ತಿ ಗುದ್ದುವವರ ಕೂಲಿಯನ್ನು ಅದು ತಿನ್ನುತ್ತದೆ. ನೀರಿನ ತೊಂದರೆಯೂ ಇದೆ. ಸಾಂಗಾನೇರದ ಬಣ್ಣದ ನೀರು ಹರಿದು ಹರಿದು ದ್ರವ್ಯವತಿ ನದಿ ಕೆಟ್ಟಿತು. ಸಂಗತಿ ಕೋರ್ಟಿನ ಮೆಟ್ಟಿಲನ್ನೂ ಏರಿತು. ಬಣ್ಣದ ನೀರನ್ನು ಶುದ್ಧ ಮಾಡಿಯೇ ಬಿಡಬೇಕು ಎಂಬ ಕಟ್ಟುಪಾಡು ಈಗ ಎಲ್ಲರಿಗೂ ಇದೆ.

ಯಂತ್ರದ ಮನೆಯಲ್ಲಿ

ಮಧ್ಯಾಹ್ನ ನಾವು ಡಿಜಿಟಲ್ ಯಂತ್ರದ ಮನೆಗೆ ಹೋದೆವು. ಗುದ್ದಿಲ್ಲ, ಹೆಜ್ಜೆಯಿಲ್ಲ. ಯಂತ್ರದ ಮೂತಿ ಬಟ್ಟೆಯ ಅಗಲಕ್ಕೆ ಅತ್ತಿಂದಿತ್ತ ಓಡಾಡುತ್ತದೆ. ಬಟ್ಟೆ ಮೆಲ್ಲಗೆ ಮುಂದೆ ಜರುಗುತ್ತದೆ. ಮೂತಿಯಲ್ಲಿನ ಸೂಜಿಮೊನೆಗಿಂತ ಸಣ್ಣ ರಂಧ್ರಗಳಿಂದ ಬಣ್ಣದ ಹನಿ ಉದುರುತ್ತದೆ. ಮನೆಯ ಪ್ರಿಂಟರಿನ ಅಣ್ಣ ಎನ್ನಿ.

ಬಟ್ಟೆ ಯಾವುದೋ ಬಣ್ಣವೂ ಅದಕ್ಕೆ ತಕ್ಕದ್ದು. ಹತ್ತಿ, ರೇಷ್ಮೆಗೆ ರಿಯಾಕ್ಟಿವ್ ಬಣ್ಣ. ಬಟ್ಟೆಗೆ ಮೊದಲೇ ಸೋಡಾ ಮುಂತಾದುವನ್ನು ಲೇಪಿಸಿರುತ್ತಾರೆ. ಮುದ್ರಿಸಿದ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ, ಇಡ್ಲಿಯ ಹಾಗೆ. ಆಗ ಬಣ್ಣ ನೂಲಿನ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಉಳಿದ ಬಣ್ಣವನ್ನು ತೊಳೆಯುತ್ತಾರೆ. ಪಾಲಿಯೆಸ್ಟರಿಗಾದರೆ ಚಿತ್ರವನ್ನು ಮೊದಲು ಕಾಗದಕ್ಕೆ ಮುದ್ರಿಸಿ, ಸುಮಾರು 200 ಡಿಗ್ರಿ ಬಿಸಿಯಲ್ಲಿ ಬಟ್ಟೆಗೆ ಒತ್ತಿ ಇಳಿಸುತ್ತಾರೆ.

ಒಂದೇ ಮೀಟರ್ ಮುದ್ರಿಸಿದರೆ ಇವರಿಗೆ ಹೇಗೆ ಗಿಟ್ಟುತ್ತದೆ? ಬಿ.ಕಾಂ. ಓದಿದವನ ತಲೆ ಅಲ್ಲಿಗೇ ಓಡಿತು. ಸ್ಕ್ರೀನ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಿಸಬೇಕು. ಲೆಕ್ಕಕ್ಕೆ ಒಂದು ಸ್ಕ್ರೀನಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ಬಣ್ಣಕ್ಕೆ 4,000. ಸಾವಿರ ಮೀಟರ್ ಮುದ್ರಿಸಿದರೆ ಮೀಟರಿಗೆ 4 ರೂಪಾಯಿ ಬೀಳುತ್ತದೆ. ಒಂದೇ ಮೀಟರ್ ಆದರೆ 4,000 ರೂಪಾಯಿಯೂ ಅದರ ತಲೆಗೇ! ಡಿಜಿಟಲ್ಲಿಗೆ ಸ್ಕ್ರೀನೂ ಬೇಡ, ಅಚ್ಚೂ ಬೇಡ. ಅದಕ್ಕೇ ಒಂದು ಮೀಟರ್ ಸಾಧ್ಯ. ಆದರೆ ಬಣ್ಣ, ಯಂತ್ರ ದುಬಾರಿ. ಹೀಗಾಗಿ ಮೀಟರಿನ ಬೆಲೆ ಅಂಗಡಿಯ ಬಟ್ಟೆಗಿಂತ ಜಾಸ್ತಿಯೇ.

ಚಿತ್ರ ಸರಿಪಡಿಸುವ ಕೋಣೆಯಲ್ಲಿ ಒಬ್ಬ ಹುಡುಗ ಕೂತಿದ್ದ. ಮೊಮ್ಮಗಳು ಸ್ಯಾಂಪಲನ್ನೂ ನೋಟ್‌ಬುಕ್ಕನ್ನೂ ಅವನ ಮುಂದೆ ಇಟ್ಟಳು. ಅವನು ಸಂಕೋಚದಿಂದ ಹೇಳಿದ: ಗೆರೆ ನಡುಗಿತ್ತು, ಸ್ಕ್ಯಾನ್ ಮಾಡುವಾಗ ಅಲುಗಾಡಿದೆ ಅಂದುಕೊಂಡೆ, ಕಂಪ್ಯೂಟರಿಗೆ ಹೇಳಿ ನೇರ ಮಾಡಿಸಿದೆ. ಒಳ್ಳೆಯದಾಗಲಿ ಎಂದೇ ಮಾಡಿದ್ದ. ಹಾಗೇ ಬೇಕಾದರೆ ಹಾಗೇ ಮುದ್ರಿಸಿಕೊಡುತ್ತೇನೆ, ಯಾವುದು ಬೇಕು ಹೇಳಿ ಎಂದ.

ಮೊಮ್ಮಗಳು ಅಜ್ಜಿಯ ಮುಖ ನೋಡಿದಳು. ಹಟ ಮಾಡಲಿಲ್ಲ. "ನಿಂದ ರಂಗೋಲಿ ಅಜ್ಜಿ, ನೀನ ಹೇಳು. ನೀ ಹೆಂಗಂತಿ ಹಂಗ."

ಮನೆಯಾಕೆ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. ಮೊದಲ ಪುಟ ತೆಗೆದಳು, ಹದಿನೈದು ಚುಕ್ಕಿಯ ಕಮಲ. ಕೊನೆಯ ಪುಟ ತೆಗೆದಳು, ಅದೇ ಕಮಲ, ನಡುಗಿದ ಕೈಯದು. ಸ್ವಲ್ಪ ಹೊತ್ತು ಎರಡನ್ನೂ ನೋಡಿದಳು.

"ಇದೂ ಒಂದ ಮೀಟರ್, ಇದೂ ಒಂದ ಮೀಟರ್. ಎರಡೂ ನನ್ನ ಕೈನ. ತಿದ್ದಬ್ಯಾಡ ಅಂತ ಹೇಳು ಅವಗ."

ಹುಡುಗನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಅವನು ಎರಡೂ ಪುಟಗಳನ್ನು ತಾನೇ ಮತ್ತೆ ಸ್ಕ್ಯಾನ್ ಮಾಡಿದ. ಆರು ದಿನದಲ್ಲಿ ಬಟ್ಟೆ ಮನೆಗೆ ಬಂತು. ಕೌದಿಯ ಒಂದು ಮಗ್ಗುಲಿಗೆ ಹಳೆಯ ಕಮಲ, ಮತ್ತೊಂದು ಮಗ್ಗುಲಿಗೆ ಹೊಸ ಕಮಲ ಇಟ್ಟು ಹೊಲಿಗೆ ಶುರುವಾಯಿತು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ, ಹೊಲಿಯುವುದು ಮೊಮ್ಮಗಳದು. "ಇಲ್ಲಿ ಬಿಗಿ ಆತು, ಅಲ್ಲಿ ಸಡ್ಲ ಆತು" ಎಂದು ಹೇಳುವ ಯಜಮಾನಿಕೆ ಅಜ್ಜಿಯದು. ನಾವು ಧಾರವಾಡಕ್ಕೆ ಹೊರಡುವ ಹೊತ್ತಿಗೆ ಮುಕ್ಕಾಲು ಕೌದಿ ಆಗಿತ್ತು.

ನೀವೂ ಬಟ್ಟೆ ಮುದ್ರಿಸಬೇಕೆಂದರೆ

ಮಕ್ಕಳೇ, ರಜೆಯಲ್ಲಿ ನೀವೂ ಇದನ್ನು ಮಾಡಬಹುದು. ಚೀಲ, ದಿಂಬಿನ ಚೀಲ, ಗೊಂಬೆಯ ಅಂಗಿ, ಯಾವುದೂ ಆದೀತು. ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿಕೊಂಡೇ ಆರ್ಡರ್ ಕೊಡಿ.

ಚಿತ್ರ ನಿಮ್ಮದೇ ಆಗಿರಲಿ, ಇಲ್ಲವೇ ಬಿಡಿಸಿದವರ ಒಪ್ಪಿಗೆ ಇರಲಿ. ಸಿನಿಮಾ, ಕಾರ್ಟೂನಿನ ಗೊಂಬೆಗಳ ಹಕ್ಕು ಬೇರೆಯವರದು.

ಚಿತ್ರಕ್ಕೆ ಅಂಗುಲಕ್ಕೆ 150 ಚುಕ್ಕಿಯಾದರೂ ಇರಲಿ. 8 ಅಂಗುಲ ಚೌಕದ ಚಿತ್ರವೆಂದರೆ ಅಡ್ಡಕ್ಕೆ 1,200, ಉದ್ದಕ್ಕೆ 1,200, ಒಟ್ಟು 14,40,000 ಚುಕ್ಕಿ. ಅಜ್ಜಿಯ ಹದಿನೈದು ಚುಕ್ಕಿಯ ರಂಗೋಲಿಗೆ ಹೋಲಿಸಿ ನೋಡಿ! ಇದಕ್ಕಿಂತ ಕಡಿಮೆಯಾದರೆ ಬಟ್ಟೆಯ ಮೇಲೆ ಮಸುಕಾಗುತ್ತದೆ.

ಒಂದೇ ಚಿತ್ರ ಬಟ್ಟೆಯ ತುಂಬ ಬರಬೇಕಾದರೆ ಹೇಗೆ ಜೋಡಿಸಬೇಕೆಂದು ಕೇಳುತ್ತಾರೆ. ಸಾಲಾಗಿ ಇಡಬಹುದು, ಇಲ್ಲವೇ ಗೋಡೆಗೆ ಇಟ್ಟಿಗೆ ಕಟ್ಟಿದಂತೆ ಅರ್ಧ ಸರಿಸಿ ಇಡಬಹುದು.

ಪರದೆಯ ಮೇಲೆ ಕಂಡ ಬಣ್ಣವೇ ಬಟ್ಟೆಯಲ್ಲಿ ಬರುವುದಿಲ್ಲ. ಪರದೆಯದು ಬೆಳಕು, ಬಟ್ಟೆಯದು ಬಣ್ಣ. ಅದಕ್ಕೆ ಮೊದಲು ಸಣ್ಣ ಸ್ಯಾಂಪಲ್ ತರಿಸಿ. ಚಿತ್ರವನ್ನು ತಿದ್ದಬಾರದೆಂದಿದ್ದರೆ ಆರ್ಡರಿನಲ್ಲೇ ಬರೆಯಿರಿ.

ಹತ್ತಿಬಟ್ಟೆ ಕುಗ್ಗುತ್ತದೆ. ನೂರಕ್ಕೆ ಐದರಷ್ಟು ಕುಗ್ಗಿದರೂ ಒಂದು ಮೀಟರ್ 95 ಸೆಂ.ಮೀ. ಆಯಿತು. ಕತ್ತರಿಸುವ ಮೊದಲು ಒಮ್ಮೆ ತಣ್ಣೀರಿನಲ್ಲಿ ಒಗೆದು ಒಣಗಿಸಿ.

ಕೈ ಅಚ್ಚಿನ ಬಟ್ಟೆ ಕೊಳ್ಳುವಾಗ ಹೀಗೆ ನೋಡಿ: ಅಚ್ಚು ಸೇರುವಲ್ಲಿ ಸಣ್ಣ ವ್ಯತ್ಯಾಸ, ಅಲ್ಲಲ್ಲಿ ಬಣ್ಣದ ಏರಿಳಿತ, ಹಿಂಬದಿಗೂ ಇಳಿದ ಬಣ್ಣ. ಬಟ್ಟೆಯುದ್ದಕ್ಕೂ ಪ್ರತಿ ಹೂವೂ ಪಡಿಯಚ್ಚಾಗಿದ್ದರೆ ಅದು ಯಂತ್ರದ್ದು. ಯಂತ್ರದ್ದು ಕೊಂಡರೆ ತಪ್ಪಿಲ್ಲ, ಯಂತ್ರದ ಬೆಲೆ ಕೊಡಿ. ಕೈಯದಕ್ಕೆ ಕೈಯ ಬೆಲೆ ಕೊಡಿ, ಚೌಕಾಸಿ ಮಾಡಬೇಡಿ.

ಹೋಗುವವರಿಗೆ

ಮೈಸೂರು–ಅಜ್ಮೇರ್ ರೈಲು ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ಹೋಗುತ್ತದೆ. ಅಜ್ಮೇರಿನಿಂದ ಜೈಪುರಕ್ಕೆ ಬಸ್ಸು, ರೈಲು ಎರಡೂ ಇವೆ. ಬಗರೂ ಆ ರಸ್ತೆಯಲ್ಲೇ ಸಿಗುತ್ತದೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ, ಆದರೆ ಸ್ವೆಟರ್ ಬೇಕು. ಸಾಂಗಾನೇರದಲ್ಲಿ ಸಂಘೀಜಿ ಜೈನ ಬಸದಿಯನ್ನು ಮರೆಯದೆ ನೋಡಿ. ಆಮೇರಿನಲ್ಲಿ ಹಳೆಯ ಹವೇಲಿಯೊಂದನ್ನು ದುರಸ್ತಿ ಮಾಡಿ ರೂಪಿಸಿದ ಅನೋಖಿ ಕೈ ಅಚ್ಚಿನ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಅಚ್ಚು ಕೆತ್ತುವುದನ್ನು ಹತ್ತಿರದಿಂದ ನೋಡಬಹುದು. ಅಚ್ಚಿನ ಮನೆಗಳಿಗೆ ಹೋಗುವಾಗ ಮೊದಲೇ ಕೇಳಿ ಹೋಗಿ, ಒಣಗಲು ಹಾಸಿದ ಬಟ್ಟೆಯನ್ನು ತುಳಿಯಬೇಡಿ. ಕೆಲಸ ಮಾಡುವವರ ಫೋಟೊ ತೆಗೆಯುವ ಮುನ್ನ ಅವರನ್ನು ಕೇಳಿ.

ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಅಜ್ಜಿಯ ಬಳಿ ರಂಗೋಲಿಯ ಪುಸ್ತಕ, ಕಸೂತಿಯ ನಮೂನೆ, ಹಾಡು ಬರೆದ ವಹಿ ಏನಾದರೂ ಇದೆಯೇ ಎಂದು ವಿಚಾರಿಸಿ. ಇದ್ದರೆ ಈ ವಾರವೇ ಪುಟ ಪುಟದ ಫೋಟೊ ತೆಗೆದಿಡಿ, ಯಾವ ಪುಟ ಯಾವ ವರ್ಷದ್ದು ಎಂದು ಅಜ್ಜಿಯನ್ನೇ ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ.